ಬೆಂಕಿ ಬಿದ್ದಾಗ ಕಿಟಕಿಯಿಂದ ಇಳಿಯಲು: ಏಣಿಯೋ, ಹಗ್ಗದ ಯಂತ್ರವೋ, ಬಟ್ಟೆಯ ಕೊಳವೆಯೋ?

ಒಂದು ಭಾನುವಾರ ಬೆಳಗ್ಗೆ ನಮ್ಮ ಯುಟಿಲಿಟಿ ಬಾಲ್ಕನಿಯ ಗೋಡೆಗೆ ಹೊಸ ಏಣಿಯ ಕೊಕ್ಕೆ ಸಿಕ್ಕಿಸಿ ಕೆಳಗೆ ಬಿಟ್ಟೆ. ಆನ್‌ಲೈನಿನಲ್ಲಿ ತರಿಸಿದ್ದು. ಡಬ್ಬದ ಮೇಲೆ ಎರಡು ಮಹಡಿಗೆ ಅಂತ ಬರೆದಿತ್ತು. ನಮ್ಮದು ಎರಡನೇ ಮಹಡಿ. ಲೆಕ್ಕ ಸರಿಯಾಗಿದೆ ಅಲ್ವಾ? ಏಣಿ ಗಲಗಲ ಅನ್ನುತ್ತ ಬಿಚ್ಚಿಕೊಂಡು ಹೋಯಿತು. ಮೊದಲನೇ ಮಹಡಿಯವರ ಸಜ್ಜಾಕ್ಕೆ ಬಡಿದು ವಾಲಿತು. ಕೊನೆಗೆ ಅದರ ತುದಿ ನೆಲದಿಂದ ಇನ್ನೂ ಹತ್ತು ಅಡಿ ಮೇಲೆ ನೇತಾಡುತ್ತ ನಿಂತಿತು. ಕೆಳಗಿನ ಮನೆಯವರು ತಲೆ ಹೊರಗೆ ಹಾಕಿ, "ಏನ್ ಸಾರ್, ಪೇಂಟಿಂಗಾ?" ಅಂದರು.

ಡಬ್ಬದ ಮೇಲಿದ್ದದ್ದು ಅಮೆರಿಕದ ಲೆಕ್ಕ. ಅವರಿಗೆ ನೆಲಮಹಡಿಯೇ ಒಂದನೇ ಮಹಡಿ. ಅಂದರೆ ನಾನು ತರಿಸಿದ್ದು ನಮ್ಮ ಲೆಕ್ಕದ ಮೊದಲನೇ ಮಹಡಿಯ ಏಣಿ, 13 ಅಡಿಯದು. ನನಗೆ ಬೇಕಾಗಿದ್ದದ್ದು ಮೂರು ಮಹಡಿಗೆ ಎಂದು ಬರೆದಿರುವ 25 ಅಡಿಯದು. ಅಳೆಯದೆ ಕೊಂಡ ತಪ್ಪು ನನ್ನದೇ. ಆದರೆ ಆಮೇಲೆ ಹಟ ಹಿಡಿದು ಈ ಸಾಮಾನುಗಳ ಹಿಂದೆ ಬಿದ್ದೆ. ಯಾವ ಕಂಪನಿಯದು ಒಳ್ಳೆಯದು ಅನ್ನುವುದು ಇಲ್ಲಿ ಕೊನೆಯ ಪ್ರಶ್ನೆ ಅಂತ ಆಗ ಗೊತ್ತಾಯಿತು. ನಿಮ್ಮ ಕಿಟಕಿ ನಿಜವಾಗಿ ತೆರೆಯುತ್ತದಾ? ಅಲ್ಲಿಂದ ನೆಲಕ್ಕೆ ಎಷ್ಟು ಅಡಿ? ಸಾಧನವನ್ನು ಯಾವುದಕ್ಕೆ ಸಿಕ್ಕಿಸುತ್ತೀರಿ? ಮನೆಯಲ್ಲಿ ಯಾರ್ಯಾರಿದ್ದಾರೆ? ಇಷ್ಟಕ್ಕೆ ಉತ್ತರ ಬರೆದುಕೊಂಡರೆ ಅಂಗಡಿಯಲ್ಲಿರುವ ಅರ್ಧಕ್ಕಿಂತ ಜಾಸ್ತಿ ಸಾಮಾನು ಪಟ್ಟಿಯಿಂದ ತಾನಾಗಿಯೇ ಬಿದ್ದುಹೋಗುತ್ತದೆ.

ಮೊದಲು ಗ್ರಿಲ್ ನೋಡಿ

ನಮ್ಮ ಊರುಗಳಲ್ಲಿ ಕಿಟಕಿ ಅಂದರೆ ಗ್ರಿಲ್ ಇದ್ದೇ ಇರುತ್ತದೆ. ಕಳ್ಳರ ಭಯಕ್ಕೆ, ಮಗು ಬೀಳದಿರಲಿ ಅಂತ, ಪಾರಿವಾಳದ ಕಾಟಕ್ಕೆ, ಏನೋ ಒಂದು ಕಾರಣಕ್ಕೆ ಬಾಲ್ಕನಿಯನ್ನೂ ಪಂಜರ ಮಾಡಿಸುತ್ತೇವೆ. 2021ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟ್ ಒಂದಕ್ಕೆ ಬೆಂಕಿ ಬಿದ್ದಿದ್ದು ನೆನಪಿರಬಹುದು. ತಾಯಿ ಮತ್ತು ಮಗಳು ತೀರಿಕೊಂಡರು. ಬಾಲ್ಕನಿಗೆ ಗ್ರಿಲ್ ಇತ್ತು. ಹೊರಗೆ ನಿಂತವರಿಗೆ ಒಳಗಿನವರು ಕಾಣುತ್ತಿದ್ದರು, ಈಚೆ ಎಳೆದುಕೊಳ್ಳಲು ದಾರಿ ಇರಲಿಲ್ಲ. ಆ ವಿಡಿಯೋ ನೋಡಿದವರು ಮರೆಯುವುದು ಕಷ್ಟ.

ಅಂಥ ಬಾಲ್ಕನಿಗೆ ಜಗತ್ತಿನ ಎಂಥ ಒಳ್ಳೆ ಏಣಿ ತಂದರೂ ಅದು ಕಪಾಟಿನಲ್ಲಿ ಕೂರುವ ವಸ್ತುವೇ. ಹಾಗಾಗಿ ನಿಮ್ಮ ಮೊದಲ ಖರ್ಚು ವೆಲ್ಡಿಂಗ್ ಅಂಗಡಿಯಲ್ಲಿ ಆಗಬೇಕು. ಒಂದು ಮಲಗುವ ಕೋಣೆಯ ಗ್ರಿಲ್‌ಗಾದರೂ ಕೀಲು ಹಾಕಿಸಿ, ಬಾಗಿಲಿನ ಹಾಗೆ ತೆರೆಯುವಂತೆ ಮಾಡಿಸಿ. ಎಷ್ಟು ದೊಡ್ಡದಿರಬೇಕು? ಅಮೆರಿಕದ ಮನೆಗಳ ನಿಯಮದಲ್ಲಿ ತುರ್ತು ಕಿಟಕಿಗೆ ಒಂದು ಅಳತೆ ಇದೆ: ಅಗಲ ಕಡಿಮೆಯೆಂದರೆ 20 ಇಂಚು, ಎತ್ತರ 24 ಇಂಚು, ಒಟ್ಟು ತೆರೆಯುವ ಜಾಗ 5.7 ಚದರ ಅಡಿ, ಕಿಟಕಿಯ ತಳ ಒಳಗಿನ ನೆಲದಿಂದ 44 ಇಂಚಿಗಿಂತ ಮೇಲೆ ಇರಬಾರದು. ಹೆಲ್ಮೆಟ್ ಹಾಕಿದ ಅಗ್ನಿಶಾಮಕ ಸಿಬ್ಬಂದಿ ಒಳಗೆ ಬರಲೂ ಜಾಗ ಬೇಕಲ್ಲ. ನಾವು ಅದನ್ನೇ ಅಂದಾಜಿಗೆ ಇಟ್ಟುಕೊಳ್ಳಬಹುದು. ಸ್ಲೈಡಿಂಗ್ ಕಿಟಕಿ ಇದ್ದವರು ಇನ್ನೊಂದು ನೋಡಬೇಕು. ಕಿಟಕಿ ನಾಲ್ಕು ಅಡಿ ಅಗಲ ಇದ್ದರೂ ತೆರೆಯುವುದು ಅರ್ಧವೇ, ಅಂದರೆ ಎರಡು ಅಡಿ. ಅದರಲ್ಲಿ ಸೊಳ್ಳೆ ಪರದೆ ಬೇರೆ.

ಬೀಗ ಹಾಕುವ ಆಸೆ ಬೇಡ. ಒಳಗಿನಿಂದ ತೆಗೆಯುವ ಚಿಲಕ ಸಾಕು, ಹೊರಗಿನಿಂದ ಕೈ ಹಾಕಿದರೆ ಸಿಗದ ಜಾಗದಲ್ಲಿ ಇಟ್ಟರೆ ಆಯಿತು. ನೆಲಮಹಡಿಯವರು ಬೀಗ ಹಾಕಲೇಬೇಕು ಅಂದರೆ ಕೀಲಿಕೈ ಅದೇ ಕೋಣೆಯ ಮೊಳೆಯಲ್ಲಿ ನೇತಾಡುತ್ತಿರಲಿ. "ಫ್ರಿಜ್ ಮೇಲಿನ ಡಬ್ಬದಲ್ಲಿದೆ" ಅನ್ನುವ ಕೀಲಿಕೈ ಹೊಗೆಯಲ್ಲಿ ಸಿಗುವುದಿಲ್ಲ.

ಮಡಚುವ ಏಣಿ: ಮೊದಲ ಎರಡು ಮಹಡಿಗೆ

ಸಿಗುವುದರಲ್ಲಿ ಅಗ್ಗದ್ದು, ಸುಲಭದ್ದು ಇದೇ. ಮೇಲೆ ಎರಡು ದೊಡ್ಡ ಉಕ್ಕಿನ ಕೊಕ್ಕೆ, ಕೆಳಗೆ ನೈಲಾನ್ ಪಟ್ಟಿಗೋ ಸರಪಳಿಗೋ ಪೋಣಿಸಿದ ಮೆಟ್ಟಿಲುಗಳು. ಕಿಟಕಿಯ ತಳಕ್ಕೆ ಕೊಕ್ಕೆ ಸಿಕ್ಕಿಸಿ ಕೆಳಗೆ ಎಸೆದರೆ ಏಣಿ ಸಿದ್ಧ. ಕಿಡ್ಡೆಯಂಥ ಹೆಸರಾಂತ ಕಂಪನಿಗಳ ಏಣಿಗಳು ಸುಮಾರು 450 ಕೆಜಿ ತಡೆಯುತ್ತವೆ ಅಂತ ಬರೆದಿರುತ್ತಾರೆ, ಹಾಗಾಗಿ ಭಾರದ ಚಿಂತೆ ಇಲ್ಲ. ಚಿಂತೆ ಬೇರೆ ಕಡೆ ಇದೆ.

ಒಂದು, ಕೊಕ್ಕೆಯ ಬಾಯಿ. ಸಾಮಾನ್ಯವಾಗಿ 6ರಿಂದ 10 ಇಂಚು ದಪ್ಪದ ಗೋಡೆಗೆ ಕೂರುವಂತೆ ಮಾಡಿರುತ್ತಾರೆ. ನಮ್ಮಲ್ಲಿ ಹೊರಗಿನ ಗೋಡೆಗೆ 6 ಇಂಚು ಇಲ್ಲವೇ 8 ಇಂಚಿನ ಬ್ಲಾಕ್ ಇರುತ್ತದೆ. ಅದರ ಮೇಲೆ ಎರಡು ಕಡೆ ಪ್ಲಾಸ್ಟರು, ತಳಕ್ಕೆ ಈಚೆ ಆಚೆ ಚಾಚಿದ ಗ್ರಾನೈಟ್ ಕಲ್ಲು. ಟೇಪ್ ಹಿಡಿದು ಅಳೆಯಿರಿ. ಗ್ರಾನೈಟ್ ಸೇರಿಸಿ ಅಳೆಯಿರಿ. ಕೊಕ್ಕೆ ಬರೀ ಗ್ರಾನೈಟಿನ ಅಂಚಿಗೆ ಕೂತರೆ ಕಲ್ಲು ಚಕ್ಕೆ ಎದ್ದು ಬರಬಹುದು.

ಇನ್ನೊಂದು, ಸಜ್ಜಾ. ಈ ಏಣಿಗಳನ್ನು ಚಪ್ಪಟೆ ಗೋಡೆಯ ಮನೆಗಳಿಗೆ ಅಂತ ಮಾಡಿದ್ದಾರೆ. ನಮ್ಮಲ್ಲಿ ಪ್ರತಿ ಕಿಟಕಿಯ ತಲೆ ಮೇಲೂ ಒಂದೂವರೆ ಎರಡು ಅಡಿ ಚಾಚಿದ ಸಜ್ಜಾ. ಮೇಲಿನಿಂದ ಬಿಟ್ಟ ಏಣಿ ಅದರ ಮೇಲೆ ಬಿದ್ದು ಸುರುಳಿ ಕೂರುತ್ತದೆ, ಇಲ್ಲವೇ ಅದರ ಅಂಚಿನಿಂದಾಚೆ ತೂಗಾಡುತ್ತದೆ. ತೂಗಾಡುವ ಏಣಿಯಲ್ಲಿ ಕಾಲಿಟ್ಟರೆ ಮೆಟ್ಟಿಲು ಮುಂದಕ್ಕೆ ಹೋಗುತ್ತದೆ, ಮೈ ಹಿಂದಕ್ಕೆ ವಾಲುತ್ತದೆ. ಕೆಳಗೆ ಸಜ್ಜಾ ಇಲ್ಲದ, ಕೆಳಗಿನ ಮನೆಯ ಕಿಟಕಿಯೂ ಇಲ್ಲದ ಜಾಗ ಹುಡುಕಬೇಕು. ಕಿಟಕಿ ಯಾಕೆ ಬೇಡ ಅಂದರೆ, ಬೆಂಕಿ ಇರುವುದು ಕೆಳಗಿನ ಮನೆಯಲ್ಲೇ ಆದರೆ ಜ್ವಾಲೆ ಹೊರಗೆ ಬರುವುದು ಆ ಕಿಟಕಿಯಿಂದಲೇ.

ಕೊಳ್ಳುವಾಗ ಮೆಟ್ಟಿಲುಗಳ ಹಿಂದೆ ಗೋಡೆಗೆ ತಾಗುವ ಸಣ್ಣ ಚಾಚುಗಾಲುಗಳು ಇವೆಯಾ ನೋಡಿ. ಅವು ಏಣಿಯನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡುತ್ತವೆ. ಇಲ್ಲದಿದ್ದರೆ ಮೆಟ್ಟಿಲು ಗೋಡೆಗೆ ಅಂಟಿಕೊಂಡು ಕಾಲ್ಬೆರಳು ಇಡಲೂ ಜಾಗ ಇರುವುದಿಲ್ಲ. ಸರಪಳಿಯದು ಭಾರ, ಗಂಟು ಬೀಳುವುದೂ ಜಾಸ್ತಿ, ಆದರೆ ಸುಡುವುದಿಲ್ಲ. ಪಟ್ಟಿಯದು ಹಗುರ, ನೀಟಾಗಿ ಬಿಚ್ಚಿಕೊಳ್ಳುತ್ತದೆ. ನಾನಂತೂ ಪಟ್ಟಿಯದಕ್ಕೇ ಓಟು ಹಾಕುತ್ತೇನೆ. ಗಾಬರಿಯಲ್ಲಿ ಗಂಟು ಬಿಡಿಸುವವರು ಯಾರು?

ಅಮೆರಿಕದಲ್ಲಿ ಮರದ ಚೌಕಟ್ಟಿನ ಎರಡಂತಸ್ತಿನ ಮನೆಗಳಲ್ಲಿರುವ ನಮ್ಮ ಕನ್ನಡದವರಿಗೆ ಈ ಏಣಿ ಹೇಳಿ ಮಾಡಿಸಿದ ಹಾಗಿದೆ. ಗ್ರಿಲ್ ಇಲ್ಲ, ಸಜ್ಜಾ ಇಲ್ಲ, ಕೆಳಗೆ ಹುಲ್ಲು. ಮನೆಯೋ ಮರದ್ದು, ಬೇಗ ಹೊತ್ತಿಕೊಳ್ಳುತ್ತದೆ. ಮೇಲಿನ ಪ್ರತಿ ಬೆಡ್‌ರೂಮಿಗೂ ಒಂದು ಇಟ್ಟುಕೊಂಡರೆ ತಪ್ಪಿಲ್ಲ. ಮಗಳ ಮನೆಗೆ ಬಾಣಂತನಕ್ಕೆ ಹೋಗುವ ಅಜ್ಜಿಯರಿಗೆ ಕೆಳಗಿನ ಕೋಣೆ ಕೊಡಿ ಅನ್ನುವುದೂ ಅಲ್ಲಿಗೆ ಒಂದು ಸಲಹೆ.

ಮೂರನೇ ಮಹಡಿಯಿಂದ ಮೇಲೆ ಏಣಿಯ ಮಾತು ಬೇಡ. 33 ಅಡಿ ಎತ್ತರದಿಂದ ತೂಗಾಡುವ ಏಣಿಯಲ್ಲಿ ಇಳಿಯಲು ತೋಳಿನಲ್ಲಿ ಎಷ್ಟು ಕಸುವು ಬೇಕು ಅನ್ನುವುದನ್ನು 25 ಅಡಿಯದರಲ್ಲೇ ನೋಡಿದ್ದೇನೆ.

ಹಗ್ಗದ ಯಂತ್ರ: ಮೂರರಿಂದ ಒಂಬತ್ತರವರೆಗೆ

ಈ ಗುಂಪಿನ ಸಾಧನಗಳನ್ನು ಡಿಸೆಂಡರ್ ಅನ್ನುತ್ತಾರೆ. ಬೆಲ್ಟ್ ಹಾಕಿಕೊಂಡು ಕಿಟಕಿಯಿಂದ ಆಚೆ ಇಳಿದರೆ ಸಾಕು, ಯಂತ್ರವೇ ನಿಮ್ಮನ್ನು ಒಂದೇ ವೇಗದಲ್ಲಿ ಕೆಳಗೆ ಬಿಡುತ್ತದೆ. ಬ್ಯಾಟರಿ ಇಲ್ಲ, ಮೋಟರ್ ಇಲ್ಲ. ಒಳಗೆ ಹಗ್ಗ ಒಂದು ಗಾಲಿಯನ್ನು ತಿರುಗಿಸುತ್ತದೆ. ಗಾಲಿ ಜೋರಾಗಿ ತಿರುಗಿದಷ್ಟೂ ಬ್ರೇಕಿನ ಚೂರುಗಳು ಹೊರಕ್ಕೆ ಚಿಮ್ಮಿ ಸುತ್ತಲಿನ ಗೋಡೆಗೆ ಒತ್ತುತ್ತವೆ, ಗಾಲಿ ನಿಧಾನವಾಗುತ್ತದೆ. ನಮ್ಮ ಸ್ಕೂಟರುಗಳ ಕ್ಲಚ್ಚಿನಲ್ಲಿ ಚೂರುಗಳು ಹೊರಕ್ಕೆ ಹೋಗಿ ಕಚ್ಚುತ್ತವಲ್ಲ, ಅದೇ ಉಪಾಯ, ಇಲ್ಲಿ ತಡೆಯಲು ಬಳಸಿದ್ದಾರೆ. ಭಾರದವರು ಕೂತರೆ ಬ್ರೇಕೂ ಅಷ್ಟೇ ಬಿಗಿಯಾಗಿ ಹಿಡಿಯುತ್ತದೆ. ಹಾಗಾಗಿ 40 ಕೆಜಿಯ ಹುಡುಗಿಗೂ 90 ಕೆಜಿಯ ಅಪ್ಪನಿಗೂ ವೇಗದಲ್ಲಿ ದೊಡ್ಡ ಅಂತರ ಇರುವುದಿಲ್ಲ. ಯುರೋಪಿನ ಇಎನ್ 341 ಮಾನದಂಡದಲ್ಲಿ ವೇಗ ಸೆಕೆಂಡಿಗೆ ಅರ್ಧ ಮೀಟರಿನಿಂದ 2 ಮೀಟರಿನೊಳಗೆ ಇರಬೇಕು.

ಇದರಲ್ಲಿ ಎರಡು ಜಾತಿ. ಬೆನ್ನುಚೀಲದಂತೆ ಬರುವುದು ಒಂದು. ಸ್ಕೈಸೇವರ್ ಈ ಬಗೆಯದು. ಹಗ್ಗ, ಬ್ರೇಕು, ಬೆಲ್ಟು ಎಲ್ಲ ಚೀಲದಲ್ಲೇ ಇರುತ್ತದೆ. ಗೋಡೆಯ ಕೊಂಡಿಗೆ ತುದಿ ಸಿಕ್ಕಿಸಿ ಇಳಿಯುವುದು. ನೋಡಲು ಚೆಂದ, ಹಾಕಿಕೊಳ್ಳಲು ಸುಲಭ. ಆದರೆ ಒಂದು ಚೀಲ ಒಬ್ಬರಿಗೆ. ನೀವು ಕೆಳಗೆ ಬಂದಾಗ ಚೀಲವೂ ನಿಮ್ಮ ಜೊತೆ ಕೆಳಗೇ ಬಂದಿರುತ್ತದೆ. ನಾಲ್ಕು ಜನರ ಮನೆಗೆ ನಾಲ್ಕು ಬೇಕು. ಏಣಿಗೆ ಕೆಲವು ಸಾವಿರ ಆದರೆ ಇದು ಹತ್ತಾರು ಸಾವಿರದ ಮಾತು, ಅದನ್ನೂ ನಾಲ್ಕರಿಂದ ಗುಣಿಸಿ.

ಇನ್ನೊಂದು ಗಡಗಡೆಯಂಥದು. ಬಾವಿಯಲ್ಲಿ ಒಂದು ಕೊಡ ಇಳಿದರೆ ಇನ್ನೊಂದು ಮೇಲೆ ಬರುವ ಹಾಗೆ, ಹಗ್ಗದ ಎರಡೂ ತುದಿಯಲ್ಲಿ ಬೆಲ್ಟ್ ಇರುತ್ತದೆ. ಯಂತ್ರ ಗೋಡೆಗೆ ಹಾಕಿದ ಕಬ್ಬಿಣದ ಕೈಯಿಂದ ನೇತಾಡುತ್ತಲೇ ಇರುತ್ತದೆ. ಒಬ್ಬರು ಕೆಳಗೆ ಮುಟ್ಟಿದಾಗ ಇನ್ನೊಂದು ಬೆಲ್ಟ್ ಕಿಟಕಿಗೆ ಬಂದಿರುತ್ತದೆ. ಮನೆಮಂದಿಗೆಲ್ಲ ಒಂದೇ ಯಂತ್ರ ಸಾಕು. ನನ್ನ ಕೇಳಿದರೆ ಸಂಸಾರಸ್ಥರಿಗೆ ಇದೇ ಸರಿ.

ಈ ಗಡಗಡೆ ಯಂತ್ರವನ್ನು ಅರ್ಥ ಮಾಡಿಕೊಳ್ಳಲು ಕೊರಿಯಾ ಕಡೆ ನೋಡಬೇಕು. ಅಲ್ಲಿ ಇದರ ಹೆಸರು ವಾನ್‌ಗಾಂಗ್‌ಗಿ, ನಿಧಾನಕ್ಕೆ ಇಳಿಸುವ ಯಂತ್ರ ಅಂತ ಅರ್ಥ. ಕಾನೂನಿನ ಪ್ರಕಾರ ಹಲವು ಬಗೆಯ ಕಟ್ಟಡಗಳ 3ನೇ ಮಹಡಿಯಿಂದ 10ನೇ ಮಹಡಿಯವರೆಗೆ ಇಂಥ ಇಳಿಯುವ ಸಾಧನ ಇಡಬೇಕು (ಅವರಿಗೂ ನೆಲಮಹಡಿಯೇ ಒಂದನೇ ಮಹಡಿ, ಅಂದರೆ ನಮ್ಮ ಲೆಕ್ಕದಲ್ಲಿ 2ರಿಂದ 9). ಗೋಡೆಯ ಮೂಲೆಯಲ್ಲಿ ಒಂದು ಡಬ್ಬ, ಕಿಟಕಿಯ ಪಕ್ಕ ಗೋಡೆಗೆ ಬೋಲ್ಟ್ ಹಾಕಿದ ಮಡಚುವ ಕಬ್ಬಿಣದ ಕೈ. ಹಗ್ಗಕ್ಕೆ ಒಳಗೆ ಉಕ್ಕಿನ ತಂತಿ, ಮೇಲೆ ನೂಲಿನ ಹೊದಿಕೆ. 150 ಕೆಜಿಯವರೆಗೆ ತಡೆಯುತ್ತದೆ. ಬಳಸುವ ಕ್ರಮ ಸರಳ: ಯಂತ್ರದ ಕೊಕ್ಕೆಯನ್ನು ಆ ಕಬ್ಬಿಣದ ಕೈಗೆ ಸಿಕ್ಕಿಸಿ ಸ್ಕ್ರೂ ಬಿಗಿ ಮಾಡಿ, ಹಗ್ಗದ ಸುರುಳಿಯನ್ನು ಕೆಳಗೆ ಎಸೆಯಿರಿ, ಬೆಲ್ಟನ್ನು ತಲೆಯಿಂದ ಹಾಕಿ ಕಂಕುಳ ಕೆಳಗೆ ಎಳೆದು ಬಿಗಿ ಮಾಡಿ, ಗೋಡೆಗೆ ಮುಖ ಮಾಡಿ ಇಳಿಯಿರಿ. ಇಳಿಯುವಾಗ ಅಂಗೈಯಿಂದ ಗೋಡೆಯನ್ನು ಮೆಲ್ಲಗೆ ತಳ್ಳುತ್ತಿರಬೇಕು. ಒಂದನ್ನು ಮಾತ್ರ ಮಾಡಬಾರದು: ಕೈ ಮೇಲೆತ್ತಬಾರದು. ಭಯವಾದಾಗ ಯಾರಿಗಾದರೂ ತಲೆ ಮೇಲಿನ ಹಗ್ಗ ಹಿಡಿಯೋಣ ಅನಿಸುತ್ತದೆ. ಎರಡೂ ಕೈ ಮೇಲೆ ಹೋದರೆ ಕಂಕುಳಲ್ಲಿರುವ ಬೆಲ್ಟು ಬನಿಯನ್ನಿನ ಹಾಗೆ ತಲೆಯಿಂದ ಕಳಚಿಕೊಳ್ಳುತ್ತದೆ. ಮಕ್ಕಳಿಗೆ ಇದನ್ನು ಹತ್ತು ಸಲ ಹೇಳಬೇಕು. ಇದೇ ಕಾರಣಕ್ಕೆ, ಕೊಳ್ಳುವಾಗ ಆಯ್ಕೆ ಇದ್ದರೆ ತೊಡೆಗೂ ಪಟ್ಟಿ ಇರುವ ಪೂರ್ತಿ ಹಾರ್ನೆಸ್ ತೆಗೆದುಕೊಳ್ಳಿ. ಸೀರೆ ಉಟ್ಟವರಿಗೆ ಅದು ಕಿರಿಕಿರಿ ನಿಜ, ಆದರೆ ಬೀಳುವುದಿಲ್ಲ.

ಹತ್ತನೇ ಮಹಡಿಗೆ ಯಾಕೆ ನಿಲ್ಲಿಸಿದರು? ಜಪಾನಿನ ನಿಯಮವೂ 11ನೇ ಮಹಡಿಯಿಂದ ಮೇಲೆ ಇಂಥ ಸಾಧನ ಕೇಳುವುದಿಲ್ಲ. ಅಷ್ಟು ಮೇಲೆ ಗಾಳಿ ಜಾಸ್ತಿ, ಮೈ ಗಿರಗಿರ ತಿರುಗುತ್ತದೆ, ಕೆಳಗೆ ನೋಡಿದವರು ಕಿಟಕಿ ದಾಟುವುದೇ ಇಲ್ಲ. 25ನೇ ಮಹಡಿಯಿಂದಲೂ ಇಳಿಯಬಹುದು ಅನ್ನುವ ಜಾಹೀರಾತು ನೋಡಿದಾಗ ನನಗೆ ಈ ಎರಡು ದೇಶಗಳು ನೆನಪಾಗುತ್ತವೆ. ದಶಕಗಳಿಂದ ಇದನ್ನು ಬಳಸುತ್ತಿರುವವರೇ ಹತ್ತಕ್ಕೆ ಗೆರೆ ಎಳೆದಿದ್ದಾರೆ.

ಯಂತ್ರ ಇದ್ದರೂ ಎಲ್ಲಿ ಎಡವುತ್ತೇವೆ ಅನ್ನುವುದಕ್ಕೂ ಪಾಠ ಅಲ್ಲೇ ಇದೆ. 2024ರ ಆಗಸ್ಟಿನಲ್ಲಿ ದಕ್ಷಿಣ ಕೊರಿಯಾದ ಬುಚಿಯಾನ್ ಊರಿನ ಹೋಟೆಲೊಂದಕ್ಕೆ ಬೆಂಕಿ ಬಿದ್ದು 7 ಜನ ಸತ್ತರು. ಅವರಲ್ಲಿ ಇಬ್ಬರು ಕೆಳಗೆ ಹಾಸಿದ್ದ ಗಾಳಿ ಹಾಸಿಗೆಗೆ ಹಾರಿದವರು. ಮೊದಲು ಹಾರಿದವರು ಅಂಚಿಗೆ ಬಿದ್ದರು, ಹಾಸಿಗೆ ಮಗುಚಿಕೊಂಡಿತು. ಆ ಹೋಟೆಲಿನ ಹಲವು ಕೋಣೆಗಳಲ್ಲಿ ಇರಬೇಕಾದ ಇಳಿಯುವ ಯಂತ್ರ ಇರಲೇ ಇಲ್ಲ ಅನ್ನುವುದು ಆಮೇಲೆ ಹೊರಬಂತು.

ನಮ್ಮಲ್ಲಿ ದೊಡ್ಡ ತಲೆನೋವು ಗೋಡೆ. ಕೊಂಡಿಯನ್ನು ಕಾಂಕ್ರೀಟ್ ಕಂಬಕ್ಕೋ ತೊಲೆಗೋ ಹಾಕಬೇಕು. ಈಚಿನ ಅಪಾರ್ಟ್‌ಮೆಂಟುಗಳಲ್ಲಿ ಕಿಟಕಿಯ ಅಕ್ಕಪಕ್ಕ ಇರುವುದು ಹಗುರ ಬ್ಲಾಕು. ಉಗುರಿನಲ್ಲಿ ಗೀರಿದರೂ ಪುಡಿ ಉದುರುತ್ತದೆ. ಅದರಲ್ಲಿ ಸಾಮಾನ್ಯ ಆಂಕರ್ ಬೋಲ್ಟ್ ಹಾಕಿ ಮನುಷ್ಯರನ್ನು ನೇತು ಹಾಕುವ ಹಾಗಿಲ್ಲ. ಕಿಟಕಿಯ ಯುಪಿವಿಸಿ ಚೌಕಟ್ಟು, ಗ್ರಿಲ್, ಮಂಚದ ಕಾಲು, ಯಾವುದೂ ಆಗುವುದಿಲ್ಲ. ಗೋಡೆ ತಟ್ಟಿ ನೋಡಿ "ಗಟ್ಟಿ ಇದೆ ಸಾರ್" ಅನ್ನುವ ಡ್ರಿಲ್ ಹುಡುಗನ ಮಾತು ಸಾಲದು. ಕಟ್ಟಡದ ನಕ್ಷೆ ನೋಡಬಲ್ಲ ಸ್ಟ್ರಕ್ಚರಲ್ ಎಂಜಿನಿಯರ್ ಜಾಗ ಗುರುತು ಮಾಡಿಕೊಡಲಿ.

ಉಳಿದವು

ಬಟ್ಟೆಯ ಕೊಳವೆ ಆಸ್ಪತ್ರೆ, ಹಾಸ್ಟೆಲ್, ಕಚೇರಿಗಳಿಗೆ ಒಳ್ಳೆಯದು. ಕಿಟಕಿಯಿಂದ ನೆಲದವರೆಗೆ ಇಳಿಬಿಟ್ಟ ಉದ್ದನೆಯ ಚೀಲ, ಒಳಗೆ ಮೈಯನ್ನು ಬಿಗಿ ಹಿಡಿಯುವ ಎಲಾಸ್ಟಿಕ್ ಬಟ್ಟೆ. ಮೊಣಕೈ ಮೊಣಕಾಲು ಅಗಲಿಸಿದರೆ ವೇಗ ಕಡಿಮೆ. ಹೊರಗೆ ಕಾಣುವುದಿಲ್ಲವಾದ್ದರಿಂದ ಎತ್ತರದ ಭಯ ಇಲ್ಲ. ಒಬ್ಬರ ಹಿಂದೆ ಒಬ್ಬರು ಇಳಿಯಬಹುದು. ಒಂದೊಂದು ಮನೆಗೆ ಇದು ದುಬಾರಿ, ಜಾಗವೂ ಬೇಕು. ಅಸೋಸಿಯೇಷನ್ ಸೇರಿ ಪ್ರತಿ ಮಹಡಿಯ ಕಾರಿಡಾರಿಗೆ ಒಂದು ಅಂತ ಯೋಚಿಸಬಹುದು.

ಗಂಟು ಹಾಕಿದ ಹಗ್ಗ ಸುಮ್ನೆ ಸಮಾಧಾನಕ್ಕೆ. ಅಂಗೈ ಸುಲಿದು ಬಿಟ್ಟುಬಿಡುತ್ತೀರಿ. ಬಟ್ಟೆ ಒಣಹಾಕುವ ನೀಲಿ ಪ್ಲಾಸ್ಟಿಕ್ ಹಗ್ಗವಂತೂ ಬೇಡವೇ ಬೇಡ, ಅದು 165 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುತ್ತದೆ. ಪ್ಯಾರಾಚೂಟ್ ಮಾರುವವರೂ ಇದ್ದಾರೆ. ಅದನ್ನು ಹಾರಲು ಕಲಿತವರಿಗೆ ಬಿಡೋಣ.

ಮನೆಯಲ್ಲಿ ಯಾರಿದ್ದಾರೆ

ನಮ್ಮ ಮನೆಯಲ್ಲಿ ಮಂಡಿ ನೋವಿನ ಅಮ್ಮ ಇದ್ದಾರೆ. 25 ಅಡಿಯ ಏಣಿ ತಂದ ಮೇಲೂ ಅವರು ಅದರಲ್ಲಿ ಇಳಿಯಲಾರರು ಅನ್ನುವುದು ಬದಲಾಗಲಿಲ್ಲ. ಹಾರ್ನೆಸ್ ಇರುವ ಗಡಗಡೆ ಯಂತ್ರವಾದರೆ ಅವರನ್ನು ಕೂರಿಸಿ ಇಳಿಸಬಹುದು. ಆದರೆ ಕಿಟಕಿ ದಾಟಿಸಲು ಇಬ್ಬರ ಕೈ ಬೇಕು. ಪುಟ್ಟ ಮಕ್ಕಳಿದ್ದರೆ ಯಂತ್ರದ ಕನಿಷ್ಠ ಭಾರ ನೋಡಿ. ತೀರಾ ಹಗುರ ಇದ್ದರೆ ಬ್ರೇಕ್ ಬಿಡದೆ ನಡುವೆಯೇ ನಿಲ್ಲಬಹುದು. ಮಗುವನ್ನು ದೊಡ್ಡವರು ಎದೆಗೆ ಕಟ್ಟಿಕೊಂಡು ಇಳಿಯಬಹುದಾ ಅನ್ನುವುದನ್ನೂ ಕೈಪಿಡಿಯಲ್ಲಿ ಓದಿಕೊಳ್ಳಿ.

ಅಮ್ಮನ ವಿಷಯ ಯೋಚಿಸುತ್ತಲೇ ನಾನು ಕಿಟಕಿಯಿಂದ ವಾಪಸ್ ಬಾಗಿಲ ಕಡೆ ತಿರುಗಿದ್ದು. ಬೆಂಕಿಯಲ್ಲಿ ಜಾಸ್ತಿ ಜನರನ್ನು ಕೊಲ್ಲುವುದು ಹೊಗೆ. 2010ರ ಫೆಬ್ರವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಹುಟ್ಟಿದ್ದು ವಿದ್ಯುತ್ ಕೇಬಲ್ಲಿನ ಡಕ್ಟ್‌ನಲ್ಲಿ. ಮೇಲಿನ ಮಹಡಿಗಳಿಗೆ ಏರಿದ್ದು ಹೊಗೆ. ಉಸಿರು ಕಟ್ಟಿದವರು ಗಾಜು ಒಡೆದರು, ಕೆಲವರು ಹಾರಿದರು. 9 ಜನ ಹೋದರು. ನಮ್ಮ ಕಟ್ಟಡದ ಡಕ್ಟ್ ಬಾಗಿಲು ತೆಗೆದು ನೋಡಿದರೆ ಒಳಗೆ ಹಳೇ ಪೇಪರ್ ಕಟ್ಟು, ಪೊರಕೆ, ಪೇಂಟ್ ಡಬ್ಬ. ಕೆಳಗೆ ಪಾರ್ಕಿಂಗಿನಲ್ಲಿ ಎಲೆಕ್ಟ್ರಿಕ್ ಸ್ಕೂಟರುಗಳು ಚಾರ್ಜ್ ಆಗುವುದು ಮೆಟ್ಟಿಲ ಬುಡದಲ್ಲೇ. ಅಲ್ಲಿ ಹೊತ್ತಿಕೊಂಡರೆ ಮೆಟ್ಟಿಲೇ ಹೊಗೆಗೂಡು.

ಹಾಗಾಗಿ ದುಡ್ಡು ಖರ್ಚು ಮಾಡುವ ಸಾಲು ನನ್ನ ಲೆಕ್ಕದಲ್ಲಿ ಹೀಗಾಯಿತು. ಮೊದಲು ಪ್ರತಿ ಕೋಣೆಗೆ ಹೊಗೆ ಅಲಾರಂ. ಆಮೇಲೆ ತೆರೆಯುವ ಗ್ರಿಲ್. ಮೆಟ್ಟಿಲು, ಡಕ್ಟ್ ಖಾಲಿ ಮಾಡಿಸುವುದಕ್ಕೆ ದುಡ್ಡು ಬೇಡ, ಜಗಳ ಮಾಡಲು ತಾಳ್ಮೆ ಬೇಕು. ಇಷ್ಟಾದ ಮೇಲೆ ಎರಡನೇ ಮಹಡಿಯೊಳಗಿನವರು ಏಣಿ, ಒಂಬತ್ತರೊಳಗಿನವರು ಗಡಗಡೆ ಯಂತ್ರ ಕೊಳ್ಳಲಿ. ಅದಕ್ಕೂ ಮೇಲಿರುವವರು ಅದೇ ದುಡ್ಡನ್ನು ಗಟ್ಟಿ ಮುಂಬಾಗಿಲಿಗೆ, ಹೊಗೆ ಮುಖವಾಡಕ್ಕೆ ಹಾಕಲಿ.

ಬೆಂಕಿ ಬೇರೆ ಮನೆಯಲ್ಲಿದ್ದು ಮೆಟ್ಟಿಲಲ್ಲಿ ಹೊಗೆ ತುಂಬಿದ್ದರೆ, ಕಾಂಕ್ರೀಟ್ ಕಟ್ಟಡದಲ್ಲಿ ಬಹಳ ಸಲ ಒಳಗೇ ಇರುವುದು ಮೇಲು. ಬಾಗಿಲು ತೆರೆಯುವ ಮೊದಲು ಕೈಯ ಹಿಂಭಾಗದಿಂದ ಬಿಸಿ ನೋಡಿ. ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿಯ ಬಳಿ ಹೋಗಿ 101ಕ್ಕೋ 112ಕ್ಕೋ ಫೋನ್ ಮಾಡಿ ಮಹಡಿ ಹೇಳಿ. ಬೆಂಗಳೂರಿನ ಅಗ್ನಿಶಾಮಕ ದಳದ ಬಳಿ 90 ಮೀಟರ್ ಎತ್ತರಕ್ಕೆ ಹೋಗುವ ಏಣಿ ವಾಹನವೇ ಇದೆ. ಆದರೆ ಎರಡೂ ಕಡೆ ಕಾರು ನಿಲ್ಲಿಸಿದ ನಮ್ಮ ಅಡ್ಡರಸ್ತೆಗೆ ಕಸದ ಆಟೋ ಬರುವುದೇ ಕಷ್ಟ. ಇಳಿಯುವ ಸಾಧನ ಬೇಕಾಗುವುದು ಒಳಗೆ ಇರಲೂ ಆಗದ, ಕಾಯಲೂ ಆಗದ ಆ ಹೊತ್ತಿಗೆ.

ನಮ್ಮ ಮನೆಯ ಬೆಡ್‌ರೂಮಿನ ಗ್ರಿಲ್‌ಗೆ ಈಗ ಎರಡು ಅಡಿಗೆ ಮೂರು ಅಡಿಯ ಬಾಗಿಲಿದೆ. ಅದರ ಕೆಳಗೆ ಸಜ್ಜಾ ಇಲ್ಲ, ಕಿಟಕಿ ಇಲ್ಲ, ಬರೀ ಗೋಡೆ. ಅಮ್ಮ ಮಲಗುವುದೂ ಅದೇ ಕೋಣೆಯಲ್ಲಿ. ಏಣಿ ಮಂಚದ ಕೆಳಗಿದೆ, ಅದರ ಮುಂದೆ ಸೂಟ್‌ಕೇಸ್ ಇಡಬಾರದು ಅಂತ ಮನೆಯಲ್ಲಿ ಕಟ್ಟಪ್ಪಣೆ. ಗಡಗಡೆ ಯಂತ್ರದ ಕೊಂಡಿಗೆ ಎಂಜಿನಿಯರ್ ತೊಲೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿ ಹೋಗಿದ್ದಾರೆ. ಮೊದಲ ಮಳೆಗಾಲಕ್ಕೇ ಗ್ರಿಲ್ಲಿನ ಚಿಲಕ ತುಕ್ಕು ಹಿಡಿದು ಅಮ್ಮನ ಕೈಗೆ ಬಗ್ಗಲಿಲ್ಲ. ಹೀಗಾಗಿ ಆಯುಧ ಪೂಜೆಗೆ ಸ್ಕೂಟರ್ ತೊಳೆಯುವ ದಿನ ಅದಕ್ಕೂ ಎಣ್ಣೆ ಬಿಡುತ್ತೇನೆ. ಅಮ್ಮ ಬಂದು ಎರಡು ಸಲ ತೆಗೆದು, ಎರಡು ಸಲ ಹಾಕಿ ನೋಡುತ್ತಾರೆ. ಈ ವರ್ಷ ಕುಂಕುಮವನ್ನೂ ಇಟ್ಟರು.